ಕಷಾಯದ ಚರಟದಿಂದ ಆಂಟಿಆಕ್ಸಿಡೆಂಟ್‌ ತೆಗೆಯುವುದು ಗಿಟ್ಟುತ್ತದೆಯೇ?

ಪ್ರಶ್ನೆ (ಉಡುಪಿಯಿಂದ):
ನಮ್ಮದೊಂದು ಸಣ್ಣ ಆಯುರ್ವೇದ ಔಷಧ ತಯಾರಿಕಾ ಘಟಕ. ತ್ರಿಫಲಾ ಕಷಾಯ ಸೋಸಿದ ಬಳಿಕ ಉಳಿಯುವ ಚರಟವನ್ನೂ, ಬೇಸಗೆಯಲ್ಲಿ ಪುನರ್ಪುಳಿ (ಕೋಕಂ) ಶರಬತ್ತು ಮಾಡಿದ ಮೇಲೆ ಮಿಗುವ ಸಿಪ್ಪೆಯನ್ನೂ ಈವರೆಗೆ ತೆಂಗಿನ ಬುಡಕ್ಕೆ ಹಾಕುತ್ತಿದ್ದೇವೆ. ಇವುಗಳಿಂದ ಉತ್ಕರ್ಷಣ ನಿರೋಧಕ (ಆಂಟಿಆಕ್ಸಿಡೆಂಟ್‌) ಅಂಶಗಳನ್ನು ಮೆಥನಾಲ್‌ ಬಳಸಿ ಬೇರ್ಪಡಿಸಬಹುದೆಂದು ಓದಿದೆ. ನಮ್ಮಂಥವರಿಗೆ ಇದು ಸಾಧ್ಯವೇ?

ಉತ್ತರ 1 (ಮಂಗಳೂರಿನಿಂದ):
ಮೊದಲಿಗೆ, ಮೆಥನಾಲ್‌ ವಿಷ. ಪ್ರಯೋಗಾಲಯದ ವಿಶ್ಲೇಷಣೆಗೆ ಅದು ಸರಿ, ಹೊಟ್ಟೆಗೆ ಹೋಗುವ ಪದಾರ್ಥಕ್ಕೆ ಬೇಡ. ಎಥನಾಲ್‌ ಬಳಸಿ. ಅದನ್ನು ದಾಸ್ತಾನು ಮಾಡಲು ಅಬಕಾರಿ ಇಲಾಖೆಯ ಪರವಾನಗಿ ಬೇಕಾಗುತ್ತದೆ.

ನೀವು ಹೇಳಿದ ಎರಡು ತ್ಯಾಜ್ಯಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ತ್ರಿಫಲೆಯ ಉತ್ಕರ್ಷಣ ನಿರೋಧಕಗಳಾದ ಗ್ಯಾಲಿಕ್‌ ಆಮ್ಲ ಮತ್ತು ಟ್ಯಾನಿನ್‌ಗಳು ಬಿಸಿನೀರಿನಲ್ಲಿ ಚೆನ್ನಾಗಿ ಕರಗುವುದರಿಂದ, 16 ಪಾಲು ನೀರು ಹಾಕಿ ಕಾಲುಭಾಗಕ್ಕೆ ಬತ್ತಿಸುವಷ್ಟರಲ್ಲಿ ಅವುಗಳ ಬಹುಪಾಲು ಕಷಾಯಕ್ಕೆ ಇಳಿದಿರುತ್ತದೆ. ಕಷಾಯ ಸರಿಯಾಗಿ ಕುದಿದಿದ್ದರೆ ಚರಟ ಬಡವಾಗಿರಲೇಬೇಕಲ್ಲವೇ? ಅದರಲ್ಲಿ ಉಳಿಯುವುದು ನೀರಿಗೆ ಅಷ್ಟಾಗಿ ಕರಗದ ಎಲ್ಲಾಜಿಕ್‌ ಆಮ್ಲ ಹಾಗೂ ನಾರಿಗೆ ಬೆಸೆದುಕೊಂಡ ಫೀನಾಲ್‌ಗಳು (ಇವೂ ಅದೇ ಗುಣದ ಸಸ್ಯ ಸಂಯುಕ್ತಗಳು). ಈ ಎರಡನೆಯದನ್ನು ಬಿಡಿಸಲು ಕ್ಷಾರವೋ ಕಿಣ್ವವೋ ಬೇಕು, ಆ ಖರ್ಚು ಸಣ್ಣ ಘಟಕಕ್ಕೆ ಹೊರೆ.

ಪುನರ್ಪುಳಿಯ ಸಂಗತಿ ಬೇರೆ. ಸಕ್ಕರೆ ಪಾಕವು ಕೆಂಪು ಬಣ್ಣದ ಆಂಥೋಸಯನಿನ್‌ಗಳನ್ನೂ ಹುಳಿಯನ್ನೂ ಎಳೆದುಕೊಳ್ಳುತ್ತದೆಯೇ ಹೊರತು, ಜಿಡ್ಡಿನಲ್ಲಿ ಕರಗುವ ಗಾರ್ಸಿನಾಲ್‌ ಎಂಬ ಹಳದಿ ಉತ್ಕರ್ಷಣ ನಿರೋಧಕ ಸಿಪ್ಪೆಯಲ್ಲೇ ಉಳಿದುಬಿಡುತ್ತದೆ. ಸಿಪ್ಪೆಯ ಸಕ್ಕರೆಯನ್ನು ತಣ್ಣೀರಿನಲ್ಲಿ ತೊಳೆದು, ಹದವಾದ ಶಾಖದಲ್ಲಿ ಒಣಗಿಸಿ, ತರಿಯಾಗಿ ಪುಡಿಮಾಡಿ, ಪುಡಿಯ ಹತ್ತು ಪಟ್ಟು ಪ್ರಮಾಣದ ಗಾಢ ಎಥನಾಲ್‌ನಲ್ಲಿ ನೆನೆಸಿ ಸೋಸಿದರೆ ಗಾರ್ಸಿನಾಲ್‌ ದ್ರಾವಣಕ್ಕೆ ಬರುತ್ತದೆ. ದ್ರಾವಕವನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ ಮರಳಿ ಹಿಡಿಯದಿದ್ದರೆ ಲಾಭದ ಮಾತೇ ಇಲ್ಲ. ಸಾರವನ್ನು ಗಾಳಿ, ಬೆಳಕು ತಾಗದಂತೆ ಇಡಬೇಕು.

ಉತ್ತರ 2 (ಮಣಿಪಾಲದಿಂದ):
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಒಟ್ಟು ಫೀನಾಲ್‌ ಅಳೆಯುವ ಫೋಲಿನ್‌–ಸಿಯೋಕಾಲ್ಟು ಪರೀಕ್ಷೆಯ ದ್ರವ ಸಕ್ಕರೆಯೊಂದಿಗೂ ವಿಟಮಿನ್‌ ಸಿ ಜೊತೆಗೂ ವರ್ತಿಸುತ್ತದೆ. ಶರಬತ್ತಿನ ಸಿಪ್ಪೆಯನ್ನು ತೊಳೆಯದೆ ಪರೀಕ್ಷೆಗೆ ಕೊಟ್ಟರೆ ಅಂಕಿ ಸುಳ್ಳೇ ದೊಡ್ಡದಾಗಿ ಬರುತ್ತದೆ. ಉತ್ಕರ್ಷಣ ನಿರೋಧಕ ಶಕ್ತಿಯನ್ನು ಅಳೆಯುವ ಡಿಪಿಪಿಎಚ್‌ ಪರೀಕ್ಷೆಯನ್ನೂ ಮಾಡಿಸಿ. ಅದರಲ್ಲಿ ನೇರಳೆ ಬಣ್ಣ ಎಷ್ಟು ಮಾಸಿತೆಂಬುದನ್ನು 517 ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ. ಗಾರ್ಸಿನಾಲ್‌ ಇಷ್ಟೇ ಇದೆಯೆಂದು ಹೇಳಬೇಕಾದರೆ ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಂಥ ವಿಧಾನವೇ ಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ತ್ರಿಫಲೆಯ ಚರಟ ತೆಂಗಿಗೇ ಇರಲಿ. ಮಳೆಗಾಲದಲ್ಲಿ ಸಿಪ್ಪೆಗೆ ಬೂಷ್ಟು ಹಿಡಿಯುವುದನ್ನು ತಪ್ಪಿಸುವುದು ಹೇಗೆ?

ಉತ್ತರ 1:
ಜೂನ್‌ ತಿಂಗಳಿಗೆ ಮುನ್ನವೇ, ಶರಬತ್ತು ತೆಗೆದ ದಿನವೇ, ಒಣಗಿಸಲು ಹಾಕಿ. ನಮ್ಮ ಕರಾವಳಿಯ ತೇವದಲ್ಲಿ ಬಿಸಿಲನ್ನು ನಂಬದೆ ಬಿಸಿಗಾಳಿಯ ಡ್ರೈಯರ್‌ ಬಳಸುವುದು ಮೇಲು. ಬೂಷ್ಟು ಹಿಡಿದ ಸಿಪ್ಪೆಯನ್ನು ಯಾವ ಕಾರಣಕ್ಕೂ ಸಾರ ತೆಗೆಯಲು ಬಳಸಬೇಡಿ, ಏಕೆಂದರೆ ಶಿಲೀಂಧ್ರದ ವಿಷಗಳೂ ಎಥನಾಲ್‌ನಲ್ಲಿ ಕರಗಿ ಸಾರದೊಳಗೇ ಸೇರುತ್ತವೆ.