ಮರುಭೂಮಿಯ 40 ಎಕರೆ, ಊರಿನ ಶಾಲೆ ಜಾಗ

ಶ್ರೀಪಾದ: (ಫಾರ್ವರ್ಡ್) ಅಮೆರಿಕದ ಅರಿಜೋನಾ ಮರುಭೂಮಿಯ ದೊಡ್ಡ ವಿಶ್ವವಿದ್ಯಾಲಯವನ್ನು ಕಟ್ಟಿಸಿದ್ದು ಇಬ್ಬರು ಜೂಜುಕೋರರು, ಒಬ್ಬ ಹೆಂಡದಂಗಡಿಯವನು!! ಎಲ್ಲರಿಗೂ ಕಳಿಸಿ.

ಶ್ರೀಪಾದ: ಸುಮಾ ಸೇರಿದ ಅರಿಜೋನಾ ವಿಶ್ವವಿದ್ಯಾಲಯ ಇದೇ ಅಲ್ವಾ?

ವೆಂಕಟೇಶ: ಮೈಸೂರಿನಲ್ಲೇ ಓದಲಿ ಅಂತ ಆಗಲೇ ಹೇಳಿದ್ದೆ. ವಿದ್ಯೆಯ ಬುನಾದಿ ಶುದ್ಧವಾಗಿರಬೇಕು.

ರಘು: ಚಿಕ್ಕಪ್ಪ, ಇದಕ್ಕೆ ಆಧಾರ ಎಲ್ಲಿದೆ? ಬೇವಿನ ಕಷಾಯದ ಮೆಸೇಜೂ ಹೀಗೇ ಬಂದಿತ್ತು.

ಶ್ರೀಪಾದ: ನಮ್ಮ ಬ್ಯಾಂಕ್ ನಿವೃತ್ತರ ಗುಂಪಿನಲ್ಲಿ ಬಂದಿದ್ದು. ಅವರೆಲ್ಲ ಓದಿಕೊಂಡವರು.

ಸುಮಾ: ಮಾವ, ಅವರು ಕೊಟ್ಟಿದ್ದು ನೆಲ, 40 ಎಕರೆ. ಕಟ್ಟಿಸಿದ್ದು ಅವರಲ್ಲ. 1885ರಲ್ಲಿ ಇಲ್ಲಿನ ಟೂಸಾನ್ ಊರಿನವರು ಅರಿಜೋನಾದ ರಾಜಧಾನಿ ತಮ್ಮ ಊರಿಗೇ ಬರಲಿ ಅಂತ ಕೇಳಿದ್ದರು. ಶಾಸನಸಭೆ ಕೊಟ್ಟಿದ್ದು ವಿಶ್ವವಿದ್ಯಾಲಯ, ಜೊತೆಗೆ 25,000 ಡಾಲರ್. ಫೀನಿಕ್ಸ್ ಊರಿಗೆ ಮಾನಸಿಕ ಆಸ್ಪತ್ರೆ ಹೋಯಿತು, ಅದಕ್ಕೆ 1 ಲಕ್ಷ ಡಾಲರ್! ಸಿಟ್ಟಿಗೆದ್ದ ಜನ ತಮ್ಮ ಪ್ರತಿನಿಧಿಗೇ ಮೊಟ್ಟೆ, ಕೊಳೆತ ತರಕಾರಿ ಎಸೆದರು. ಆಮೇಲೆ ನೆಲ ಕೊಡುವವರೂ ಸಿಗಲಿಲ್ಲ. ಜೇಕಬ್ ಮ್ಯಾನ್ಸ್‌ಫೆಲ್ಡ್ ಅನ್ನುವವರು ಹೋಗಿ ಕೇಳಿದಾಗ ಈ ಮೂವರು ಒಪ್ಪಿದರು.

ಲತಾ: ನಮ್ಮಪ್ಪನೂ ಶಾಲೆಗೆ ಜಾಗ ಕೊಟ್ಟರಲ್ಲ! ಅಲ್ಲಿದ್ದ ನೇರಳೆ ಮರ ನೆನಪಿದೆಯಾ ಅಣ್ಣ? ಸಂಜೆ ಎಲ್ಲರ ನಾಲಿಗೆಯೂ ನೀಲಿ.

ಶ್ರೀಪಾದ: ಆ ಜಾಗ ನನ್ನ ಪಾಲಿಗೆ ಬರಬೇಕಿತ್ತು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ವೆಂಕಟೇಶ: ಅಪ್ಪ ಮಾಡಿದ ದಾನ ಅದು. ಮಕ್ಕಳ ಎದುರು ಎತ್ತಬೇಡ.

ಶ್ರೀಪಾದ: ಕಾಗದಕ್ಕೆ ಸಾಕ್ಷಿ ಹಾಕಿದ್ದು ನೀನೇ ಅಲ್ವಾ?

ರಘು: ಸುಮಾ ಬರೆದಿದ್ದನ್ನು ಯಾರಾದರೂ ಓದಿದಿರಾ?

ಸುಮಾ: 1891ರಲ್ಲಿ ತರಗತಿ ಶುರುವಾದಾಗ ಇದ್ದಿದ್ದು 32 ವಿದ್ಯಾರ್ಥಿಗಳು, 6 ಜನ ಮೇಷ್ಟ್ರು. ಆಗಿನ ಓಲ್ಡ್ ಮೇನ್ ಕಟ್ಟಡ ಈಗಲೂ ಇದೆ. ಮರದ ಉಂಗುರ ನೋಡಿ ಹಳೆಯ ಬರಗಾಲ ಗುರುತಿಸುವ ವಿದ್ಯೆ ಬೆಳೆದಿದ್ದು ಇಲ್ಲೇ. 2023ರಲ್ಲಿ ‘ಬೆನ್ನು’ ಅನ್ನುವ ಕ್ಷುದ್ರಗ್ರಹದ ಮಣ್ಣು ತಂದ ನಾಸಾ ಯೋಜನೆಯ ಮುಖ್ಯ ವಿಜ್ಞಾನಿಯೂ ಇಲ್ಲಿಯವರೇ. ಇಷ್ಟೆಲ್ಲ ಬಿಟ್ಟು ಹೆಂಡದಂಗಡಿ ಒಂದನ್ನೇ ಹಿಡಿದುಕೊಂಡರೆ ಬೇಜಾರಾಗುತ್ತೆ ಮಾವ.

ಲತಾ: ಬೇಜಾರು ಮಾಡ್ಕೋಬೇಡ ಪುಟ್ಟಿ. ಊಟ ಆಯ್ತಾ? ಅಣ್ಣ, ಆ ನೇರಳೆ ಮರ ಕಡಿಸಿದ್ದು ಯಾರು?

ವೆಂಕಟೇಶ: ಶ್ರೀಪಾದನನ್ನೇ ಕೇಳು.

ಶ್ರೀಪಾದ: ನಾನಲ್ಲ! ರಸ್ತೆ ಅಗಲ ಮಾಡುವಾಗ ಹೋಯಿತು. ಸುಮಾ, ನೀನು ಬರೆದಿದ್ದನ್ನು ಸ್ವಲ್ಪ ಚಿಕ್ಕದು ಮಾಡಿ ಕಳಿಸು. ಬ್ಯಾಂಕಿನವರ ಗುಂಪಿಗೆ ಹಾಕುತ್ತೇನೆ.