ವಾಗ್ದಾನದ ಕಾರ್ಡು ಗೋಡೆ ಮೇಲಿದೆ, ನಂಬೋದು ಹೇಗೆ?

ಬೆಟಗೇರಿ ಹೊಲಿಗೆ:
ಎಲ್ಲರಿಗೂ ವಂದನೆ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ತಟ್ಟೆಯಲ್ಲಿ ಬೈಬಲ್ ವಚನ ಬರೆದ ವಾಗ್ದಾನದ ಕಾರ್ಡು ಇಟ್ಟಿರುತ್ತಾರಲ್ವಾ, ನಾನೂ ಒಂದು ಎತ್ತಿಕೊಂಡೆ. ಯೆರೆಮೀಯ 32:27. ನನಗೆ ಅಸಾಧ್ಯವಾದದ್ದು ಏನಾದರೂ ಉಂಟೋ ಅಂತ ದೇವರು ಕೇಳುವ ಮಾತು. ಹೊಲಿಗೆ ಮಷಿನ್ ಮೇಲಿನ ಗೋಡೆಗೆ ಅಂಟಿಸಿದ್ದೇನೆ.

ನಮ್ಮವರಿಗೆ ಎರಡೂ ಕಿಡ್ನಿ ಕೈಕೊಟ್ಟು ಎಂಟು ತಿಂಗಳು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಮೈದುನ ಕಿಡ್ನಿ ಕೊಡುತ್ತೇನೆ ಅಂದ. ಪರೀಕ್ಷೆ ಮಾಡಿಸಿದರೆ ಅವನಿಗೇ ಶುಗರ್. ಅಲ್ಲಿಗೆ ಅದೂ ಮುಗೀತು. ಚರ್ಚಿನ ಸಭೆಯಲ್ಲಿ ಒಬ್ಬರು, ನಿಮಗೆ ವಿಶ್ವಾಸ ಸಾಲದು, ಶನಿವಾರದ ಡಯಾಲಿಸಿಸ್ ಬಿಟ್ಟು ಉಪವಾಸ ಪ್ರಾರ್ಥನೆಗೆ ಕೂರಿಸಿ ಅಂದರು.

ಇನ್ನು ಮಗಳದ್ದು. ಎಸ್ಸೆಸ್ಸೆಲ್ಸಿ ಬರೆದಿದ್ದಾಳೆ, ಪಿಯು ಸೈನ್ಸ್ ಓದಬೇಕಂತೆ. ಚೀಟಿ ಎತ್ತಿದ ದುಡ್ಡು 18,000 ಇದೆ. ಇಂಥ ಹೊತ್ತಲ್ಲಿ ಕಾಲೇಜು ಯಾಕೆ, ಬಟ್ಟೆ ಅಂಗಡಿಗೆ ಕೆಲಸಕ್ಕೆ ಕಳಿಸು ಅಂತಾರೆ ಅತ್ತೆ. ರಾತ್ರಿ ಬ್ಲೌಸಿಗೆ ಹುಕ್ಸ್ ಹಾಕುತ್ತಾ ಆ ಕಾರ್ಡು ನೋಡುತ್ತೇನೆ. ಕೆಲವು ದಿನ ಕಿತ್ತು ಬಿಸಾಕುವಷ್ಟು ಸಿಟ್ಟು ಬರುತ್ತದೆ. ಇದು ಅವಿಶ್ವಾಸವಾ?

ಪ್ರಾರ್ಥನಾ ಗೆಳೆಯ:
ಸಹೋದರಿ, ಅಬ್ರಹಾಮನನ್ನು ನೋಡಿ. 75ನೇ ವಯಸ್ಸಿನಲ್ಲಿ ಸಂತಾನದ ವಾಗ್ದಾನ, 100ಕ್ಕೆ ಮಗ ಇಸಾಕ. ಸಂದೇಹ ಪಡಲೇಬೇಡಿ. ಗುಣವಾಯಿತು ಅಂತ ಬಾಯಿಂದ ಹೇಳುತ್ತಾ ಇರಿ, ಸಾಕು.

ರಾತ್ರಿ ಪಾಳಿ ಸಿಸ್ಟರ್:
ಆ 25 ವರ್ಷದಲ್ಲಿ ಅಬ್ರಹಾಮನೂ ನಕ್ಕ, ಹೆಂಡತಿ ಸಾರಳೂ ನಕ್ಕಳು, ದಾಸಿ ಹಾಗರಳಿಂದ ಮಗುವನ್ನು ಪಡೆದ ರಾದ್ಧಾಂತವೂ ಆಯಿತು. ಇರಲಿ ಬಿಡಿ.

ಅಕ್ಕಾ, ನಾನು ಡಯಾಲಿಸಿಸ್ ಯೂನಿಟ್‌ನಲ್ಲಿ ಕೆಲಸ ಮಾಡುವವಳು. ಶನಿವಾರದ್ದು ತಪ್ಪಿಸಲೇಬೇಡಿ. ಒಂದು ಸಲ ಬಿಟ್ಟರೂ ಮೈಯಲ್ಲಿ ನೀರು, ಪೊಟ್ಯಾಸಿಯಂ ಉಳಿದುಬಿಡುತ್ತದೆ. ಪೊಟ್ಯಾಸಿಯಂ ಜಾಸ್ತಿಯಾದರೆ ಎದೆಬಡಿತ ಏರುಪೇರಾಗಿ ಜೀವಕ್ಕೇ ಅಪಾಯ. ಎಳನೀರಂತೂ ಬೇಡ, ಅದರಲ್ಲಿ ಪೊಟ್ಯಾಸಿಯಂ ತುಂಬಾ. ಯಾರೋ ಪ್ರೀತಿಯಿಂದ ತಂದದ್ದನ್ನು ಕುಡಿದು ನಡುರಾತ್ರಿ ಏದುಸಿರು ಬಿಡುತ್ತಾ ಬಂದವರನ್ನು ನೋಡಿದ್ದೇನೆ. ವಾರಕ್ಕೆ ಎರಡು ಸಾಕಾ, ಮೂರು ಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಿ. ಪ್ರಾರ್ಥನೆ ಮಷಿನ್ ಪಕ್ಕ ಕೂತೂ ಮಾಡಬಹುದು. ನಾಲ್ಕು ಗಂಟೆ ಸಿಗುತ್ತದಲ್ಲ.

ಹಳೇ ಬಾಂಡ್ ರೈಟರ್:
ತಂಗಿ, ವಯಸ್ಸಿನಲ್ಲಿ ದೊಡ್ಡವನು, ಏಕವಚನಕ್ಕೆ ಬೇಜಾರು ಮಾಡಿಕೊಳ್ಳಬೇಡ. 34 ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಬೇವಿನ ಮರದ ಕೆಳಗೆ ಕೂತು ಕ್ರಯಪತ್ರ ಬರೆದವನು ನಾನು. ನಿನ್ನ ಕಾರ್ಡಿನಲ್ಲಿ ಇರೋದು ಒಂದೇ ವಚನ. ಆ ಅಧ್ಯಾಯ ಪೂರ್ತಿ ಓದು. ಅದು ಒಂದು ಹೊಲ ಖರೀದಿಯ ಕಥೆ.

ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಊರು ಬೀಳುತ್ತದೆ ಅಂದದ್ದಕ್ಕೇ ಪ್ರವಾದಿ ಯೆರೆಮೀಯನನ್ನು ಅರಮನೆಯ ಕಾವಲಿನ ಅಂಗಳದಲ್ಲಿ ಕೂಡಿಹಾಕಿದ್ದಾರೆ. ಅಲ್ಲಿಗೆ ಚಿಕ್ಕಪ್ಪನ ಮಗ ಹನಮೇಲ ಬಂದು, ನಮ್ಮೂರು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ಅನಾತೋತ್ ಕೋಟೆಯಿಂದ ಐದಾರು ಕಿಲೋಮೀಟರ್ ಆಚೆ. ಆಚೆಗೆಲ್ಲ ಶತ್ರು. ನನ್ನ ಹತ್ತಿರ ಇಂಥ ಖರೀದಿ ಬಂದಿದ್ದರೆ, ಸ್ವಾಧೀನ ಇಲ್ಲದ ಜಮೀನು, ಮುಂಗಡ ಕೂಡ ಕೊಡಬೇಡಪ್ಪ ಅಂತ ವಾಪಸ್ ಕಳಿಸುತ್ತಿದ್ದೆ.

ಅವನು ಕೊಂಡ. 17 ಶೆಕೆಲ್ ಬೆಳ್ಳಿ, ಈಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 200 ಗ್ರಾಂ, ತಕ್ಕಡಿಯಲ್ಲಿ ತೂಗಿ ಕೊಟ್ಟ. ರುಜು ಹಾಕಿದ, ಮುದ್ರೆ ಒತ್ತಿದ, ಸಾಕ್ಷಿ ಹಾಕಿಸಿದ. ಪತ್ರ ಎರಡು. ಒಂದು ಮುದ್ರೆ ಹಾಕಿ ಮುಚ್ಚಿದ್ದು, ಇನ್ನೊಂದು ತೆರೆದದ್ದು. ಎರಡನ್ನೂ ತನ್ನ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹಳ ದಿನ ಬಾಳಬೇಕು, ಮಣ್ಣಿನ ಗಡಿಗೆಯಲ್ಲಿಡು ಅಂದ. ಊರೇ ಸುಟ್ಟುಹೋಗೋ ಹೊತ್ತು, ಇವನಿಗೆ ಪತ್ರ ಹಾಳಾಗಬಾರದು ಅನ್ನೋ ಚಿಂತೆ! ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ.

ಈಗ ನಿನ್ನ ಸಿಟ್ಟಿನ ವಿಷಯ. ಪತ್ರ ಆದ ಮೇಲೆ ಯೆರೆಮೀಯ ಪ್ರಾರ್ಥನೆ ಮಾಡುತ್ತಾನೆ. ಶುರುವಿನಲ್ಲಿ, ನಿನಗೆ ಅಸಾಧ್ಯವಾದದ್ದು ಇಲ್ಲ ಅನ್ನುತ್ತಾನೆ. ಕೊನೆಗೆ ಬರುವಾಗ ದನಿಯೇ ಬೇರೆ. ಶತ್ರುವಿನ ಮಣ್ಣುದಿಬ್ಬ ಗೋಡೆ ಮುಟ್ಟಿದೆ, ನೀನೇ ನೋಡುತ್ತಿದ್ದೀಯ, ಆದರೂ ದುಡ್ಡು ಕೊಟ್ಟು ಹೊಲ ಕೊಂಡುಕೋ ಅಂದೆಯಲ್ಲ ಅಂತ ಕೇಳಿಯೇಬಿಡುತ್ತಾನೆ. ಅದಕ್ಕೆ ಉತ್ತರವಾಗಿ ಬಂದದ್ದೇ ನಿನ್ನ ಕಾರ್ಡಿನ ವಚನ.

ಇನ್ನೊಂದನ್ನೂ ಮುಚ್ಚಿಡಲಾರೆ. ಊರು ಬಿತ್ತು. ಆಮೇಲೆ ಯೆರೆಮೀಯನನ್ನು ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಕರೆದುಕೊಂಡು ಹೋದರು. ಆ ಹೊಲದಲ್ಲಿ ಅವನು ಹಿಡಿ ಕಾಳು ಬೆಳೆದ ಸುದ್ದಿ ಎಲ್ಲೂ ಇಲ್ಲ. ಸುಮಾರು 50 ವರ್ಷ ಕಳೆದು ಬಾಬೆಲಿನ ಸೆರೆಯಿಂದ ವಾಪಸ್ ಬಂದವರ ಪಟ್ಟಿ ಬೈಬಲಿನ ಎಜ್ರನ ಪುಸ್ತಕದ 2ನೇ ಅಧ್ಯಾಯದಲ್ಲಿದೆ. ಎಲ್ಲರೂ ಓದದೆ ಹಾಳೆ ತಿರುವುವ ಪಟ್ಟಿ. 23ನೇ ವಚನ ನೋಡು: ಅನಾತೋತಿನವರು 128.

ಯಜಮಾನರಿಗೆ ಗುಣವಾಗುತ್ತದೆ ಅಂತ ನಾನು ಬರೆದುಕೊಡಲಾರೆ. ಕಾರ್ಡಿನಲ್ಲೂ ಹಾಗೆ ಬರೆದಿಲ್ಲ. 18,000 ನಿನ್ನದು, ತೀರ್ಮಾನವೂ ನಿನ್ನದೇ. ನನ್ನನ್ನು ಕೇಳಿದರೆ ಮಗಳ ಅರ್ಜಿ ತುಂಬು ಅನ್ನುತ್ತೇನೆ. ಮೊದಲು ಸರ್ಕಾರಿ ಕಾಲೇಜಿನಲ್ಲಿ ವಿಚಾರಿಸು, ಅಲ್ಲಿ ಫೀ ಕಡಿಮೆ.

ಬೆಟಗೇರಿ ಹೊಲಿಗೆ:
ಶನಿವಾರ ಹೋಗಿ ಬಂದೆವು. ಸಿಸ್ಟರ್, ಎಳನೀರಿನ ವಿಷಯ ಆಸ್ಪತ್ರೆಯಲ್ಲಿ ಹೇಳಿದ್ದರೇನೋ, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಅತ್ತೆ ವಾರಕ್ಕೊಂದು ತರಿಸುತ್ತಿದ್ದರು. ನಿಲ್ಲಿಸಿದೆ.

ಮಷಿನ್ ಪಕ್ಕ ಕೂತು ನಮ್ಮವರಿಗೆ 32ನೇ ಅಧ್ಯಾಯ ಓದಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದರು. ಆಮೇಲೆ, "ಆ ಹನಮೇಲ ಭಾರೀ ಘಾಟಿ ಬಿಡು, ಜೈಲಲ್ಲಿ ಕೂತವನಿಗೆ ಹೊಲ ಮಾರಿದನಲ್ಲ" ಅಂದರು. ಪಕ್ಕದ ಬೆಡ್ಡಿನ ಅಜ್ಜನೂ ನಕ್ಕ.

ಅರ್ಜಿ ತಂದಿದ್ದೇನೆ. ಅಣ್ಣಾ, ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಎಷ್ಟು ದಿನಕ್ಕೆ ಕೈಗೆ ಸಿಗುತ್ತದೆ?