ಸಾಲ್ಜ್‌ಬರ್ಗ್ ಸಂಗೀತ, ವಾಖಾವ್ ವೈನ್, ವೆರೋನಾ ಆಪೆರಾ: ಎಲ್ಲ ಒಂದೇ ಗುಂಪು ಪ್ರವಾಸದಲ್ಲಿ ಆಗುತ್ತಾ?

ಮಲ್ಲೇಶ್ವರದ ಕೇಳುಗ

ಎಲ್ಲರಿಗೂ ನಮಸ್ಕಾರ. ನಮ್ಮದು ಮಲ್ಲೇಶ್ವರ, ರಾಜಾಜಿನಗರ ಕಡೆಯ ಸಂಗೀತ ಕೇಳುವವರ ಬಳಗ. ಹನ್ನೆರಡು ಜನ ಇದ್ದೇವೆ, ಹೆಚ್ಚಿನವರು ರಿಟೈರ್ ಆದವರು. ರಾಮನವಮಿ ಬಂತೆಂದರೆ ಚಾಮರಾಜಪೇಟೆ ಕೋಟೆ ಹೈಸ್ಕೂಲು ಮೈದಾನದ ಪೆಂಡಾಲಿನಲ್ಲೇ ನಮ್ಮ ಸಂಜೆಗಳು. ಈಚೆಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರುಚಿಯೂ ಹತ್ತಿದೆ. ಡೊಮ್ಲೂರಿನ ಬಿಐಸಿಯಲ್ಲಿ (ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್) ಪಿಯಾನೋ ಕಛೇರಿ ಇದ್ದರೆ ಒಟ್ಟಿಗೆ ಹೋಗುತ್ತೇವೆ.

ಈಗ ಒಂದು ಟೂರ್ ಕಂಪನಿಯವರು ಪ್ಯಾಕೇಜ್ ಕಳಿಸಿದ್ದಾರೆ. ಆಗಸ್ಟ್ ಮಧ್ಯದಲ್ಲಿ ಒಂಬತ್ತು ದಿನ. ಇಟಲಿಯ ವೆರೋನಾದಲ್ಲಿ ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ), ಪಕ್ಕದ ವಲ್ಪೊಲಿಚೆಲ್ಲದಲ್ಲಿ ವೈನರಿ, ಆಮೇಲೆ ಆಸ್ಟ್ರಿಯಾದ ಸಾಲ್ಜ್‌ಬರ್ಗ್, ವಾಖಾವ್ ಕಣಿವೆಯ ದ್ರಾಕ್ಷಿ ತೋಟಗಳು, ಕೊನೆಗೆ ವಿಯೆನ್ನಾ. ಕೇಳಲು ಚೆನ್ನಾಗಿದೆ, ಆದರೆ ಸಾಲ್ಜ್‌ಬರ್ಗ್, ವಿಯೆನ್ನಾ ಎರಡರ ಮುಂದೆಯೂ "ಸಂಗೀತ ಕಾರ್ಯಕ್ರಮ" ಅಂತಷ್ಟೇ ಇದೆ. ಯಾವ ಕಾರ್ಯಕ್ರಮ, ಯಾವ ಸಭಾಂಗಣ ಅಂತ ಬರೆದಿಲ್ಲ.

ನಮ್ಮಲ್ಲಿ ನಾಲ್ಕು ಜನ ವೈನ್ ಮುಟ್ಟುವುದಿಲ್ಲ. ಎಂಟು ಜನ ಸಸ್ಯಾಹಾರಿಗಳು. ಇಬ್ಬರಿಗೆ ಮಂಡಿ ನೋವು. ಆದರೂ ಎಲ್ಲರಿಗೂ ಆಸೆ ಇದೆ, ಈ ಸಲ ಬಿಟ್ಟರೆ ಮತ್ತೆ ಒಟ್ಟಿಗೆ ಹೊರಡುವುದು ಕಷ್ಟ. ಹೋಗಿ ಬಂದವರು ದಯವಿಟ್ಟು ಹೇಳಿ: ಈ ಪ್ಯಾಕೇಜ್ ಸರಿ ಇದೆಯಾ, ಇಲ್ಲ ನಾವೇ ಬೇರೆ ಥರ ಜೋಡಿಸಿಕೊಳ್ಳಬೇಕಾ?

ಚೆಲ್ಲೊ ಕಲಿಯುವವಳು

ಸರ್, "ಸಂಗೀತ ಕಾರ್ಯಕ್ರಮ" ಅಂತ ಮಾತ್ರ ಬರೆದಿದ್ದರೆ ಅಡ್ವಾನ್ಸ್ ಕೊಡಬೇಡಿ. ಮೊದಲು ಹೆಸರು ಕೇಳಿ, ತಾರೀಕು ಕೇಳಿ, ಸೀಟಿನ ದರ್ಜೆ ಕೇಳಿ. ಜುಲೈ, ಆಗಸ್ಟ್‌ನಲ್ಲಿ ವಿಯೆನ್ನಾದ ದೊಡ್ಡ ಆಪೆರಾ ಹೌಸ್ ಮುಚ್ಚಿರುತ್ತದೆ. ಆ ಎರಡು ತಿಂಗಳು ವಿಯೆನ್ನಾ ಫಿಲ್ಹಾರ್ಮೋನಿಕ್ ಎಂಬ ದೊಡ್ಡ ವಾದ್ಯವೃಂದ ಹೆಚ್ಚಾಗಿ ಇರುವುದು ಸಾಲ್ಜ್‌ಬರ್ಗ್‌ನಲ್ಲಿ. ಹಾಗಾಗಿ ಆಗಸ್ಟ್‌ನಲ್ಲಿ ವಿಯೆನ್ನಾದಲ್ಲಿ ಪ್ರವಾಸಿಗಳಿಗೆ ಮಾರುವುದು ಹೆಚ್ಚಾಗಿ ವಿಗ್, ಹಳೇ ಕಾಲದ ಕೋಟು ಹಾಕಿಕೊಂಡು ಮೊಜಾರ್ಟ್, ಯೋಹಾನ್ ಸ್ಟ್ರಾಸ್ ತುಣುಕುಗಳನ್ನು ನುಡಿಸುವ ಕಾರ್ಯಕ್ರಮ. ಅದರಲ್ಲಿ ಒಳ್ಳೆಯ ವಾದಕರೂ ಇರುತ್ತಾರೆ, ಆದರೆ ನಿಮ್ಮಂಥ ಕೇಳುಗರು ಅಷ್ಟು ದೂರ ಹೋಗುವುದು ಅದಕ್ಕಲ್ಲ.

ಸಾಲ್ಜ್‌ಬರ್ಗ್ ಉತ್ಸವ ಶುರುವಾಗಿದ್ದು 1920ರಲ್ಲಿ. ಪ್ರತಿ ವರ್ಷ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ ನಡೆಯುತ್ತದೆ. ಆಪೆರಾದ ಮುಂದಿನ ಸೀಟು 400 ಯೂರೋಗೂ ಮೇಲೆ ಹೋಗುತ್ತದೆ. ಅದನ್ನು ನೋಡಿ ಹೆದರಬೇಡಿ, ಅಲ್ಲಿ ಬೇರೆ ದಾರಿಗಳಿವೆ. ಶನಿವಾರ, ಭಾನುವಾರ ಬೆಳಗ್ಗೆ 11ಕ್ಕೆ ಮೊಜಾರ್ಟಿಯಂ ಸಭಾಂಗಣದಲ್ಲಿ ಮೊಜಾರ್ಟ್ ಮ್ಯಾಟಿನೇ ಎಂಬ ಬೆಳಗಿನ ಕಛೇರಿ ಇರುತ್ತದೆ. ನನ್ನ ಪ್ರಕಾರ ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಅದೇ ಅತ್ಯುತ್ತಮ ಆರಂಭ. ಸಭಾಂಗಣ ತೀರಾ ದೊಡ್ಡದಲ್ಲ, ವಾದಕರ ಬೆರಳು ಕಾಣಿಸುತ್ತದೆ, ಕಛೇರಿ ಮುಗಿದ ಮೇಲೂ ಪೂರ್ತಿ ದಿನ ಕೈಯಲ್ಲಿರುತ್ತದೆ. ರಾತ್ರಿ ಕಪಿಟೆಲ್‌ಪ್ಲಾಟ್ಸ್ ಎಂಬ ಚೌಕದಲ್ಲಿ ದೊಡ್ಡ ಪರದೆಯ ಮೇಲೆ ಉತ್ಸವದ ಆಪೆರಾಗಳನ್ನು ತೋರಿಸುತ್ತಾರೆ, ಅದಕ್ಕೆ ಟಿಕೆಟ್ ಬೇಡ.

ದುಡ್ಡು ಕೂಡಿಸಿ ಒಂದೇ ಒಂದು ಆಪೆರಾ ನೋಡುವುದಾದರೆ ಫೆಲ್ಸನ್‌ರೈಟ್‌ಶೂಲೆಯಲ್ಲಿ ನೋಡಿ. ಅದು ಹಿಂದೆ ಅಲ್ಲಿನ ಆರ್ಚ್‌ಬಿಷಪ್ಪರ ಕುದುರೆ ಸವಾರಿ ಶಾಲೆ. ವೇದಿಕೆಯ ಹಿಂದೆ ಬಂಡೆಯನ್ನೇ ಕೊರೆದು ಮೂರು ಅಂತಸ್ತಿನಲ್ಲಿ 96 ಕಮಾನುಗಳನ್ನು ಮಾಡಿದ್ದಾರೆ. ಗಾಯಕರು ಆ ಕಮಾನುಗಳ ಒಳಗಿಂದ ಹಾಡುವಾಗ ಮೈ ಜುಮ್ಮೆನ್ನುತ್ತದೆ.

ಹಿಂದಿನ ವರ್ಷದ ಕೊನೆಯ ಹೊತ್ತಿಗೇ ಮುಂದಿನ ಉತ್ಸವದ ಕಾರ್ಯಕ್ರಮ ಪಟ್ಟಿ ಬಂದುಬಿಡುತ್ತದೆ. ಹನ್ನೆರಡು ಸೀಟು ಒಟ್ಟಿಗೆ ಬೇಕಾದರೆ ಜನವರಿಯಲ್ಲೇ ಅರ್ಜಿ ಹಾಕಬೇಕು. ನಾವು ಇಲ್ಲಿ ಮಾಡಿದ ಹಾಗೆ ಕೊನೆ ಗಳಿಗೆಯಲ್ಲಿ ಬಾಗಿಲ ಹತ್ತಿರ ಹೋಗಿ ನಿಂತರೆ ಒಂದೊಂದೇ ಬಿಡಿ ಸೀಟು ಸಿಕ್ಕರೆ ಹೆಚ್ಚು.

ದೊಡ್ಡಬಳ್ಳಾಪುರ ದ್ರಾಕ್ಷಿ

ಸಂಗೀತದ ಬಗ್ಗೆ ಮೇಡಂ ಚೆನ್ನಾಗಿ ಹೇಳಿದ್ದಾರೆ. ನಾನು ವೈನ್ ಬಗ್ಗೆ ಹೇಳುತ್ತೇನೆ, ದ್ರಾಕ್ಷಿ ತೋಟದ ಕೆಲಸ ಬಲ್ಲವನು.

ಮೊದಲ ಮಾತು, ಆಗಸ್ಟ್‌ನಲ್ಲಿ ಅಲ್ಲಿ ಕೊಯ್ಲು ಇರುವುದಿಲ್ಲ. ವಾಖಾವ್‌ನಲ್ಲಿ ಕೊಯ್ಲು ಸೆಪ್ಟೆಂಬರ್‌ನಿಂದ ಮುಂದಕ್ಕೆ. ವಲ್ಪೊಲಿಚೆಲ್ಲದಲ್ಲಿ ಅಮರೋನೆ ವೈನಿಗೆ ಗೊಂಚಲುಗಳನ್ನು ಕೊಯ್ದು ಅಟ್ಟದ ಮೇಲೆ ಹರಡಿ, ಮೂರು ತಿಂಗಳಿಗೂ ಜಾಸ್ತಿ ಒಣಗಿಸಿ, ಆಮೇಲೆ ಹಿಂಡುತ್ತಾರೆ. ನೀರು ಆರಿ ಸಕ್ಕರೆ ಗಟ್ಟಿಯಾಗುತ್ತದೆ, ಅದಕ್ಕೇ ಆ ವೈನ್‌ನಲ್ಲಿ ಆಲ್ಕೋಹಾಲ್ 14 ಶೇಕಡಕ್ಕೂ ಮೇಲೆ. ಆ ಅಟ್ಟಗಳು ಆಗಸ್ಟ್‌ನಲ್ಲಿ ಖಾಲಿ. ಜೊತೆಗೆ ಆಗಸ್ಟ್ 15 ಇಟಲಿಯಲ್ಲಿ ದೊಡ್ಡ ರಜೆ, ಅದರ ಆಚೀಚೆ ಎಷ್ಟೋ ಸಣ್ಣ ವೈನರಿಗಳು ಬಾಗಿಲು ಹಾಕಿರುತ್ತವೆ. ನಿಮ್ಮ ಪ್ಯಾಕೇಜ್ ಸರಿಯಾಗಿ ಅದೇ ವಾರದಲ್ಲಿದೆ.

ಆದರೆ ವಾಖಾವ್ ಬಿಡಬೇಡಿ. ಡಾನ್ಯೂಬ್ ನದಿಯ ದಡದಲ್ಲಿ ಮೆಲ್ಕ್‌ನಿಂದ ಕ್ರೆಮ್ಸ್‌ವರೆಗೆ ಸುಮಾರು 36 ಕಿಲೋಮೀಟರ್. ಗುಡ್ಡದ ಇಳಿಜಾರಿನಲ್ಲಿ ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿ ಮೆಟ್ಟಿಲು ಮೆಟ್ಟಿಲಾಗಿ ತೋಟ ಕಟ್ಟಿದ್ದಾರೆ. 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಹಗಲಿನ ಬಿಸಿಲನ್ನು ಆ ಕಲ್ಲು ಹಿಡಿದಿಟ್ಟುಕೊಳ್ಳುತ್ತದೆ, ರಾತ್ರಿ ಉತ್ತರದ ಕಾಡಿನ ಕಡೆಯಿಂದ ತಂಪು ಗಾಳಿ ಇಳಿಯುತ್ತದೆ. ಆ ಬಿಸಿ, ಆ ತಂಪು ಎರಡೂ ಸೇರಿಯೇ ಹಣ್ಣಿನಲ್ಲಿ ಸಿಹಿಯೂ ಹುಳಿಯೂ ನಿಲ್ಲುತ್ತವೆ. ಗ್ರೂನರ್ ವೆಲ್ಟ್‌ಲೀನರ್, ರೀಸ್ಲಿಂಗ್ ಎರಡೂ ಬಿಳಿ ದ್ರಾಕ್ಷಿ. ವಾಖಾವ್‌ನ ಬಾಟಲಿ ಮೇಲೆ ಮೂರು ದರ್ಜೆ ಕಾಣಬಹುದು: ಸ್ಟೈನ್‌ಫೆಡರ್ ಅಂದರೆ ತೀರಾ ಹಗುರ, 11.5 ಶೇಕಡ ಮೀರುವುದಿಲ್ಲ. ಫೆಡರ್‌ಸ್ಪೀಲ್ ನಡುವಿನದು. ಸ್ಮರಾಗ್ಡ್ 12.5 ಶೇಕಡದಿಂದ ಮೇಲೆ, ಹಣ್ಣು ಪೂರ್ತಿ ಮಾಗಿದ ಮೇಲೆ ಕೊಯ್ದದ್ದು. ಹೊಸಬರು ಫೆಡರ್‌ಸ್ಪೀಲ್‌ನಿಂದ ಶುರು ಮಾಡಿ. ನೇರ ಸ್ಮರಾಗ್ಡ್‌ಗೆ ಹೋದರೆ ಮಿಕ್ಕಿದ್ದೆಲ್ಲ ಸಪ್ಪೆ ಅನಿಸುತ್ತದೆ.

ವೈನ್ ಮುಟ್ಟದವರಿಗೆ, ಸಸ್ಯಾಹಾರಿಗಳಿಗೆ ಚಿಂತೆ ಬೇಡ. ಅಲ್ಲಿ ಹೊಯ್ರಿಗರ್ ಅಂತ ಬೆಳೆಗಾರರೇ ನಡೆಸುವ ಅಂಗಳದ ಹೋಟೆಲುಗಳಿವೆ. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಬೆಳೆಗಾರರಿಗೆ ಸ್ವಂತ ವೈನ್ ಮಾರಲು ಅಪ್ಪಣೆ ಕೊಟ್ಟ, ಅಂದಿನಿಂದ ನಡೆದುಬಂದ ಪದ್ಧತಿ. ಬಾಗಿಲ ಮೇಲೆ ಹಸಿರು ಕೊಂಬೆ ಕಟ್ಟಿದ್ದರೆ ಇವತ್ತು ತೆರೆದಿದೆ ಅಂತ ಅರ್ಥ. ಬ್ರೆಡ್ಡು, ಅದಕ್ಕೆ ಹಚ್ಚಿಕೊಳ್ಳಲು ಖಾರದ ಪುಡಿ ಹಾಕಿದ ಚೀಸ್, ಆಲೂಗೆಡ್ಡೆ ಸಲಾಡ್, ಕುಂಬಳ ಬೀಜದ ಎಣ್ಣೆ ಹಾಕಿದ ಸೊಪ್ಪು ಸಿಗುತ್ತವೆ. ಸಲಾಡ್‌ನಲ್ಲಿ ಮಾಂಸದ ಸಾರು ಬಿದ್ದಿದೆಯಾ ಅಂತ ಮಾತ್ರ ಒಮ್ಮೆ ಕೇಳಿ. ಕುಡಿಯದವರಿಗೆ ಅದೇ ತೋಟದ ದ್ರಾಕ್ಷಿ ರಸ ಕೊಡುತ್ತಾರೆ, ಬಹಳ ಚೆನ್ನಾಗಿರುತ್ತದೆ. ಮತ್ತೆ ಆ ಕಣಿವೆಯ ಏಪ್ರಿಕಾಟ್ ಹಣ್ಣು ಹೆಸರುವಾಸಿ. ಕೊಯ್ಲು ಜುಲೈನಲ್ಲಿ ಮುಗಿದಿರುತ್ತದೆ, ಜಾಮು ವರ್ಷವಿಡೀ ಸಿಗುತ್ತದೆ.

ಹೊರಡುವ ಮುಂಚೆ ಒಂದು ಭಾನುವಾರ ನಂದಿ ಬೆಟ್ಟದ ಕಡೆ ಬಂದು ಇಲ್ಲಿನ ಯಾವುದಾದರೂ ವೈನರಿಯಲ್ಲಿ ಟೇಸ್ಟಿಂಗ್ ಮಾಡಿ ನೋಡಿ. ಬಾಯಲ್ಲಿಟ್ಟು ರುಚಿ ನೋಡಿ ಉಗುಳುವುದು ತಪ್ಪಲ್ಲ, ಅದಕ್ಕೇ ಅಲ್ಲಿ ಪಾತ್ರೆ ಇಟ್ಟಿರುತ್ತಾರೆ. ಇದು ಮೊದಲೇ ರೂಢಿಯಾದರೆ ಅಲ್ಲಿ ಸಂಜೆ ಕಛೇರಿಯಲ್ಲಿ ನಿದ್ದೆ ಬರುವುದಿಲ್ಲ.

ಚೆಲ್ಲೊ ಕಲಿಯುವವಳು

ಒಂದು ಮುಖ್ಯ ವಿಷಯ ಬಿಟ್ಟೆ. ಕ್ರೆಮ್ಸ್ ಪಕ್ಕದಲ್ಲೇ ಗ್ರಾಫೆನೆಗ್ ಕೋಟೆ ಇದೆ. ಅಲ್ಲಿ 2007ರಲ್ಲಿ ಪಿಯಾನೋ ವಾದಕ ರುಡಾಲ್ಫ್ ಬುಖ್‌ಬಿಂಡರ್ ಅವರ ನೇತೃತ್ವದಲ್ಲಿ ಶುರುವಾದ ಉತ್ಸವ ನಡೆಯುತ್ತದೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ದಿನಗಳವರೆಗೆ. ತೋಟದ ನಡುವೆ ಬಯಲು ವೇದಿಕೆ, ಯುರೋಪಿನ ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳು ಬರುತ್ತವೆ. ಹುಲ್ಲಿನ ಮೇಲೆ ಕೂರುವ ಟಿಕೆಟ್ ಅಗ್ಗ. ಮಳೆ ಬಂದರೆ ಕಾರ್ಯಕ್ರಮ ಪಕ್ಕದ ಸಭಾಂಗಣಕ್ಕೆ ಹೋಗುತ್ತದೆ. ಸಂಗೀತ, ದ್ರಾಕ್ಷಿ ತೋಟ ಎರಡೂ ಒಂದೇ ಕಡೆ ಸಿಗುವ ಜಾಗ ಇದು, ನಿಮ್ಮ ಪ್ಯಾಕೇಜ್‌ನಲ್ಲಿ ಇದರ ಹೆಸರೇ ಇಲ್ಲ ಅನ್ನುವುದು ನನಗೆ ಬೇಸರ.

ಹಾಗಾಗಿ ನನ್ನ ಸಲಹೆ: ಆಗಸ್ಟ್ ಕೊನೆಯ ಹತ್ತು ದಿನ ಹಿಡಿಯಿರಿ. ಸಾಲ್ಜ್‌ಬರ್ಗ್‌ನಲ್ಲಿ ನಾಲ್ಕು ರಾತ್ರಿ, ಕ್ರೆಮ್ಸ್‌ನಲ್ಲಿ ನಾಲ್ಕು ರಾತ್ರಿ, ಕೊನೆಗೆ ವಿಯೆನ್ನಾದಲ್ಲಿ ಒಂದು. ವೆರೋನಾ ಬಿಡಿ.

ಜಯನಗರ ರಿಟೈರ್ಡ್

ವೆರೋನಾ ಬಿಡಿ ಅಂತ ಅಷ್ಟು ಸುಲಭವಾಗಿ ಹೇಳಲು ನನಗೆ ಮನಸ್ಸಿಲ್ಲ ಮೇಡಂ. ಎರಡು ಸಾವಿರ ವರ್ಷದ ಹಿಂದಿನ ರೋಮನ್ ಅರೇನಾ. 1913ರಲ್ಲಿ ಇಟಲಿಯ ಸಂಗೀತ ರಚನೆಕಾರ ವರ್ದಿಯ ನೂರನೇ ಹುಟ್ಟುಹಬ್ಬಕ್ಕೆ ಅವನ ಐದಾ ಆಪೆರಾ ಆಡಿದಾಗ ಶುರುವಾದ ಉತ್ಸವ. ಕತ್ತಲಾಗುತ್ತಾ ಬಂದಾಗ ಮೆಟ್ಟಿಲ ಮೇಲಿನ ಜನ ಮೇಣದ ಬತ್ತಿ ಹಚ್ಚುತ್ತಾರೆ. ಆಪೆರಾ ಅಂದರೇನು ಅಂತ ಗೊತ್ತಿಲ್ಲದವರೂ ಅಲ್ಲಿ ಸೋತುಹೋಗುತ್ತಾರೆ.

ಆದರೆ ಈ ಗುಂಪಿಗೆ ಬೇಡ ಅಂತ ನಾನೂ ಹೇಳುತ್ತೇನೆ, ಕಾರಣ ಬೇರೆ. ಅಗ್ಗದ ಸೀಟು ಅಂದರೆ ಕಲ್ಲಿನ ಮೆಟ್ಟಿಲು, ಒರಗಲು ಏನೂ ಇಲ್ಲ, ಹತ್ತುವುದೂ ಕಷ್ಟ, ಇನ್ನು ಮಂಡಿ ನೋವಿನವರ ಪಾಡು ಕೇಳುವುದೇ ಬೇಡ. ಆಟ ಶುರುವಾಗುವುದೇ ರಾತ್ರಿ ಒಂಬತ್ತರ ಮೇಲೆ, ಮುಗಿಯುವಾಗ ನಡುರಾತ್ರಿ ದಾಟುತ್ತದೆ. ಊರ ಹೊರಗೆ ಹೋಟೆಲ್ ಹಾಕಿದ್ದರೆ ಕೋಣೆ ಸೇರುವುದು ಇನ್ನೂ ತಡ. ಒಮ್ಮೆ ಆಟ ಶುರುವಾದ ಮೇಲೆ ಮಳೆ ಬಂದು ನಿಂತರೆ ದುಡ್ಡು ವಾಪಸ್ ಇಲ್ಲ. ಮಾರನೇ ದಿನ ಬೆಳಗ್ಗೆ ಎಂಟಕ್ಕೆ ಬಸ್ಸು ಹತ್ತಿಸಿ ಆಲ್ಪ್ಸ್ ದಾಟಿಸುವ ಪ್ಯಾಕೇಜ್ ಇದು. ಅರವತ್ತು ದಾಟಿದವರಿಗೆ ಅದು ಪ್ರವಾಸ ಅಲ್ಲ. ವೆರೋನಾಗೆ ಬೇರೆ ವರ್ಷ, ಗಾರ್ಡಾ ಸರೋವರದ ಜೊತೆ ಹೋಗಿ.

ಈಗ ಕಾಗದಪತ್ರದ ಮಾತು. ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಆಸ್ಟ್ರಿಯಾದಲ್ಲೇ ಜಾಸ್ತಿ ರಾತ್ರಿ ಇರುವುದರಿಂದ ಆಸ್ಟ್ರಿಯಾಕ್ಕೇ ಹಾಕಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕೇ ಬೇಕು. ಮೇ, ಜೂನ್‌ನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಹನ್ನೆರಡು ಜನರದ್ದೂ ಒಂದೇ ದಿನ ಸಿಗಲಿ ಅಂತ ಕಾಯಬೇಡಿ. ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್ ಅಂತ ಕಂಪನಿಯವರು ಮೊದಲೇ ತೆರಿಗೆ ಹಿಡಿಯುತ್ತಾರೆ. ಅದು ಖರ್ಚಲ್ಲ, ರಿಟರ್ನ್ಸ್ ಹಾಕುವಾಗ ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು, ರಸೀದಿ ಜೋಪಾನ.

ಇನ್ನೊಂದು. ಆಗಸ್ಟ್ ಕೊನೆ ಅಂದರೆ ಶ್ರಾವಣ, ಭಾದ್ರಪದ. ವರಮಹಾಲಕ್ಷ್ಮಿ, ಗೌರಿ ಗಣೇಶ ಯಾವಾಗ ಬರುತ್ತವೆ ಅಂತ ಪಂಚಾಂಗ ನೋಡಿ ತಾರೀಕು ಹಾಕಿ. ಮನೆಯಲ್ಲಿ ಪೂಜೆ ಇಟ್ಟುಕೊಂಡವರು ಎಲ್ಲ ಬುಕ್ ಆದ ಮೇಲೆ ಹಿಂದೆ ಸರಿದರೆ ಗುಂಪಿನ ಲೆಕ್ಕವೇ ಕೆಡುತ್ತದೆ. ಮೊಮ್ಮಕ್ಕಳನ್ನು ಕರೆದೊಯ್ಯುವ ಯೋಚನೆಯನ್ನೂ ಬಿಡಿ. ನಮ್ಮ ಬೇಸಿಗೆ ರಜೆ ಮೇ ಕೊನೆಗೆ ಮುಗಿಯುತ್ತದೆ, ಅವರ ಉತ್ಸವ ಶುರುವಾಗುವ ಹೊತ್ತಿಗೆ ಇಲ್ಲಿ ಪರೀಕ್ಷೆ ಬಂದಿರುತ್ತದೆ.

ಮಲ್ಲೇಶ್ವರದ ಕೇಳುಗ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಬಳಗದಲ್ಲಿ ಓದಿ ಹೇಳಿದೆ. ವೆರೋನಾ ಕೈಬಿಟ್ಟು ಸಾಲ್ಜ್‌ಬರ್ಗ್, ಕ್ರೆಮ್ಸ್ ಅಂತಲೇ ಒಪ್ಪಿಗೆಯಾಯಿತು. ಟಿಕೆಟ್ ನಾವೇ ತೆಗೆದುಕೊಂಡು, ಹೋಟೆಲ್, ಬಸ್ಸು ಮಾತ್ರ ಕಂಪನಿಗೆ ಬಿಡುತ್ತೇವೆ.

ನಮ್ಮಲ್ಲಿ ಒಬ್ಬರು ಮೈಸೂರಿನವರು. ಸಾಲ್ಜ್‌ಬರ್ಗ್ ಉತ್ಸವ ಕಟ್ಟಿದವರಲ್ಲಿ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್ ಒಬ್ಬರು ಅಂತ ಕೇಳಿದ ಕೂಡಲೇ ಅವರು ಜಯಚಾಮರಾಜ ಒಡೆಯರ ಮಾತು ಎತ್ತಿದರು. ಸ್ಟ್ರಾಸ್ ಸಾಯುವ ಮುಂಚೆ ಬರೆದ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಸಲ ಕೇಳಿಸಿದ್ದು ನಮ್ಮ ಮಹಾರಾಜರ ಹಣದ ನೆರವಿನಿಂದ. ಹಾಗಾಗಿ ಸಾಲ್ಜ್‌ಬರ್ಗ್‌ಗೆ ನಾವು ಹೋಗಲೇಬೇಕು ಅಂತ ಅವರದು ಒಂದೇ ಹಟ.

ಇನ್ನು ಎರಡು ಪ್ರಶ್ನೆ. ಸಭಾಂಗಣದಲ್ಲಿ ನಡೆದುಕೊಳ್ಳುವ ರೀತಿ ಹೇಗೆ? ನಾವು ತಾಳ ಹಾಕಿ, ಭಲೇ ಅಂದು ಅಭ್ಯಾಸವಾದವರು. ಮತ್ತೆ ಬರುವಾಗ ವೈನ್ ತರಬಹುದಾ?

ಚೆಲ್ಲೊ ಕಲಿಯುವವಳು

ಒಂದು ಕೃತಿ ಮೂರು ನಾಲ್ಕು ಭಾಗಗಳಲ್ಲಿರುತ್ತದೆ. ನಡುವೆ ಮೌನ ಬಂದಾಗ ಚಪ್ಪಾಳೆ ಬೇಡ, ಕೊನೆಗೆ ವಾದ್ಯವೃಂದ ನಡೆಸುವ ಕಂಡಕ್ಟರ್ ಕೈ ಇಳಿಸಿ ನಮ್ಮ ಕಡೆ ತಿರುಗಿದ ಮೇಲೆ ತಟ್ಟಿ. ತಾಳ ತೊಡೆಯ ಮೇಲೂ ಬೇಡ, ಪಕ್ಕದವರಿಗೆ ತೊಂದರೆ. ಒಮ್ಮೆ ಬಾಗಿಲು ಹಾಕಿದರೆ ತಡವಾಗಿ ಬಂದವರನ್ನು ನಡುವೆ ಒಳಗೆ ಬಿಡುವುದಿಲ್ಲ, ಅರ್ಧ ಗಂಟೆ ಮೊದಲೇ ಇರಿ. ರೇಷ್ಮೆ ಸೀರೆ, ಪಂಚೆ ಶಲ್ಯ ಧಾರಾಳವಾಗಿ ಉಡಿ. ಅಲ್ಲಿನವರೂ ತಮ್ಮ ಊರಿನ ಉಡುಪಿನಲ್ಲೇ ಬರುತ್ತಾರೆ. ಕೇಳುವ ಕೃತಿಗಳನ್ನು ಇಲ್ಲೇ ಎರಡು ಮೂರು ಸಲ ಒಟ್ಟಿಗೆ ಕೇಳಿಕೊಂಡು ಹೋಗಿ. ರಾಗ ಗೊತ್ತಿದ್ದು ಆಲಾಪನೆ ಕೇಳಿದರೆ ಎಷ್ಟು ಸುಖವೋ ಇದೂ ಅಷ್ಟೇ.

ದೊಡ್ಡಬಳ್ಳಾಪುರ ದ್ರಾಕ್ಷಿ

ತಲಾ ಎರಡು ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ಅಂದರೆ 750 ಮಿಲಿಯ ಎರಡು ಬಾಟಲಿ ಆರಾಮಾಗಿ. ಚೆಕ್ ಇನ್ ಪೆಟ್ಟಿಗೆಯ ನಡುವೆ ಬಟ್ಟೆಯಲ್ಲಿ ಸುತ್ತಿಡಿ, ಕೈಚೀಲದಲ್ಲಿ ಬಿಡುವುದಿಲ್ಲ. ಅಂಗಡಿಗಿಂತ ಬೆಳೆಗಾರರ ಹತ್ತಿರವೇ ಕೊಳ್ಳಿ. ದೋಣಿಯಲ್ಲಿ ಹೋಗುವುದಾದರೆ ಮೆಲ್ಕ್‌ನಿಂದ ಕ್ರೆಮ್ಸ್ ಕಡೆಗೆ ಹೋಗಿ, ಹರಿವಿನ ಜೊತೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಉಲ್ಟಾ ಬಂದರೆ ಸುಮಾರು ಮೂರು ಗಂಟೆ ಹಿಡಿಯುತ್ತದೆ.